ಮಾರ್ಕರ್ ಚಿಕ್ಕಯ್ಯ ತಿದ್ದಿದ ಮಣಿಕಟ್ಟು

ಬಟ್ಟೆ ವ್ಯಾಪಾರಿಗೆ ಮನುಷ್ಯ ಮೊದಲು ಮೀಟರಿನಲ್ಲಿ ಕಾಣುತ್ತಾನೆ, ಆಮೇಲೆ ಮುಖ. ಚಿಕ್ಕಯ್ಯನವರನ್ನು ಕ್ಲಬ್ಬಿನ ಸ್ನೂಕರ್ ಕೋಣೆಯಲ್ಲಿ ಮೊದಲ ಸಲ ಕಂಡಾಗ ನಾನು ಹಾಕಿದ ಲೆಕ್ಕ ಇಷ್ಟು: ಎತ್ತರ ಐದಡಿ ನಾಲ್ಕಿಂಚು, ಅಂಗಿಗೆ ಎರಡೂಕಾಲು ಮೀಟರ್, ಹೊಟ್ಟೆ ಇಲ್ಲವಾದ್ದರಿಂದ ಪ್ಯಾಂಟಿನಲ್ಲೂ ಉಳಿತಾಯ. ಕಾಲರ್ ಸವೆದು ಮಗುಚಿ ಹೊಲಿಸಿದ್ದು. ತೋಳು ಮಾತ್ರ ಮಣಿಕಟ್ಟಿಗಿಂತ ಒಂದಿಂಚು ಮೇಲಕ್ಕೇ ನಿಂತಿತ್ತು. ದರ್ಜಿ ದಡ್ಡ, ಅಥವಾ ಈತ ಜಿಪುಣ ಅಂದುಕೊಂಡೆ. ದೊಡ್ಡ ಗಿರಾಕಿಯಲ್ಲ ಎಂದು ಕಣ್ಣು ಬೇರೆ ಕಡೆ ತಿರುಗಿಸಿದೆ. ನಲವತ್ತು ವರ್ಷದ ವ್ಯಾಪಾರದಲ್ಲಿ ನಾನು ಮಾಡಿದ ಅತಿ ಕೆಟ್ಟ ಅಂದಾಜು ಅದು.

ಅವರು ಆ ಕೋಣೆಯ ಮಾರ್ಕರ್. ಚೆಂಡು ಜೋಡಿಸುವುದು, ಅಂಕ ಕೂಗುವುದು, ಆಟ ಮುಗಿದ ಮೇಲೆ ಮೇಜಿನ ಹಸಿರು ಬಟ್ಟೆಗೆ ಬ್ರಷ್ ಹಾಕುವುದು ಅವರ ಕೆಲಸ. ತಿ. ನರಸೀಪುರದ ಕಡೆಯ ಒಕ್ಕಲು ಮನೆತನ. ಇಪ್ಪತ್ತೇಳನೆಯ ವಯಸ್ಸಿಗೆ ಕ್ಲಬ್ಬಿನ ತೋಟದ ಕೆಲಸಕ್ಕೆ ಬಂದವರು ಕಿಟಕಿಯಿಂದ ಆಟ ನೋಡಿ ನೋಡಿ ಒಳಗೆ ಬಂದರು. ಮೂವತ್ತೊಂದು ವರ್ಷ ಅಲ್ಲೇ ನಿಂತರು. ಸದಸ್ಯರಿಲ್ಲದ ಹೊತ್ತಿನಲ್ಲಿ ಅವರೊಬ್ಬರೇ ಆಡುವುದನ್ನು ನೋಡಿದವರು ಆ ಕೈಯ ಬಗ್ಗೆ ಬೆರಗಿನಿಂದ, ಸಣ್ಣ ದನಿಯಲ್ಲಿ ಮಾತಾಡುತ್ತಿದ್ದರು. ಸದಸ್ಯರ ಎದುರು ಆಡುವ ಹಕ್ಕು ಮಾರ್ಕರ್‌ಗೆ ಇರಲಿಲ್ಲ.

ನಾನು ಕ್ಲಬ್ ಸೇರಿದ್ದು ಡಾಕ್ಟರು ನಡೆದಾಡಿ ಅಂದರೆಂದು. ಮೇಜಿನ ಸುತ್ತ ನಡೆದರೂ ನಡಿಗೆಯೇ ತಾನೆ? ಆದರೆ ಕ್ಯೂ ಕೋಲಿನಿಂದ ನಾನು ಹೊಡೆದ ಚೆಂಡು ಒಂದೇ ಸಮ ಎಡಕ್ಕೆ ಹೋಗುತ್ತಿತ್ತು. ಎದುರಿಗೇ ಬಾಯ್ತೆರೆದು ನಿಂತ ಮೇಜಿನ ಜೇಬಿಗೂ ಬೀಳುತ್ತಿರಲಿಲ್ಲ. ಕಾರ್ಯದರ್ಶಿ ಮಹಾಂತೇಶ್ ಅವರಂತೂ, "ಷಡಕ್ಷರಿಯವ್ರೇ, ಅಗ್ರಹಾರದಲ್ಲಿ ನಿಮ್ಮ ಅಂಗಡಿ ರಸ್ತೆಯ ಎಡಕ್ಕಿದೆ ಅಂತ ಚೆಂಡಿಗೂ ಗೊತ್ತಾಗಿಬಿಟ್ಟಿದೆ ಕಣ್ರೀ," ಎಂದು ಎಲ್ಲರನ್ನೂ ನಗಿಸಿದರು.

ಚಿಕ್ಕಯ್ಯ ನಗಲಿಲ್ಲ. ಮೂರು ದಿನ ಸುಮ್ಮನೆ ನನ್ನ ಬಲಗೈ ನೋಡಿದರು. ನಾಲ್ಕನೆಯ ದಿನ, ಯಾರೂ ಇಲ್ಲದಾಗ ಹತ್ತಿರ ಬಂದರು.

"ಸಾವ್ಕಾರ್ರೇ, ಒಂದ್ ಮಾತು. ಕಣ್ಣಲ್ಲಿ ತಪ್ಪಿಲ್ಲ. ಕ್ಯೂ ಮುಂದಕ್ಕೋಗಿ ಚೆಂಡು ಮುಟ್ಟೋ ಗಳಿಗೇಲಿ ಮಣಿಕಟ್ಟು ಒಳಕ್ಕೆ ತಿರುಗ್‌ಬುಡ್ತದೆ. ಎಲ್ಲಿ ಕಲ್ತಿದ್ದು ಅದನ್ನ?"

"ಕಲಿಯೋದೇನಯ್ಯ, ಅದೇ ಆಗತ್ತೆ."

"ಅದೇ ಆಗಕಿಲ್ಲ. ನಾನು ನೋಡಿವ್ನಿ. ನಿಮ್ಮಂಗಡೀಲಿ ಅಂಗಿ ಪೀಸ್ ತಗಂಡಿದ್ದೆ ಮೂರು ಗೌರಿ ಹಬ್ಬದ ಹಿಂದೆ. ಮೀಟರ್ ಕಡ್ಡಿ ಇಟ್ಟು ಅಳೀತಾ, ಒಂದೊಂದು ಮೀಟರ್ ಮುಗಿಯೋ ಹೊತ್ಗೆ ಕೈ ಇಂಗಂದ್ರಿ." ಅವರು ಗಾಳಿಯಲ್ಲಿ ಮಣಿಕಟ್ಟನ್ನು ಪುಟಕ್ಕನೆ ತಿರುಗಿಸಿ ತೋರಿಸಿದರು. ಅದು ನಮ್ಮಪ್ಪನ ಕೈ, ನನ್ನ ಕೈ. ಮೀಟರಿಗೊಂದು ಬೆರಳಗಲ ಬಟ್ಟೆ ಅಂಗಡಿಯಲ್ಲೇ ಉಳಿಸುವ ತಿರುವು. ಆಮೇಲೆ ಅವರು ತಮ್ಮ ಗಿಡ್ಡ ತೋಳು ಎಳೆದುಕೊಂಡು ಅಂದರು, "ಈ ಅಂಗಿ ಅದೇ ಪೀಸು."

ಬಂದ ಸಿಟ್ಟನ್ನು ನುಂಗಿಕೊಂಡೆ. ಕಳ್ಳ ಕೈಯನ್ನು ಪತ್ತೆ ಮಾಡಿದವನಿಗೇ ಅದನ್ನು ವಾಸಿ ಮಾಡುವುದೂ ಗೊತ್ತಿರುತ್ತದೆ ಎಂಬ ಲೆಕ್ಕ ನನ್ನದು.

ಪಾಠ ಶುರುವಾಯಿತು. ನಾನು ಕ್ಯೂವನ್ನು ಕೊಡಲಿಯ ಕಾವಿನಂತೆ ಹಿಡಿಯುತ್ತಿದ್ದೆ. "ಗಿರಾಕಿಗೆ ರೇಷ್ಮೆ ಸೀರೆ ತೋರುಸ್ತೀರಲ್ಲ, ಎಂಗೆ ಇಡ್ಕತೀರ? ಜಾರಬಾರ್ದು, ಸುಕ್ಕೂ ಬೀಳಬಾರ್ದು. ಅಂಗೆ," ಎಂದರು. ಹೆಬ್ಬೆರಳು, ಮೊದಲೆರಡು ಬೆರಳು ಸಾಕು. ಮಿಕ್ಕವು ಜೊತೆಗಿರಬೇಕು, ಅಷ್ಟೆ. ಕ್ಯೂ ಹಿಂದಕ್ಕೆ ಬಂದಾಗ ಬೆರಳು ಸಡಿಲ, ಮುಂದೆ ಹೋದಾಗ ತಾನಾಗಿ ಮುಚ್ಚಬೇಕು. ಮೊಣಕೈಯಿಂದ ಕೆಳಕ್ಕೆ ಕೈ ಬಾವಿ ಹಗ್ಗದ ಹಾಗೆ ನೆಟ್ಟಗೆ ಇಳಿಬೀಳಬೇಕು.

ಮಣಿಕಟ್ಟಿಗೆ ಅವರದೇ ಒಂದು ಮದ್ದಿತ್ತು. ಊದುಬತ್ತಿ ಹೊಸೆಯುವ ಮನೆಯಿಂದ ಮಸಾಲೆ ಹಚ್ಚದ ಬಿದಿರು ಕಡ್ಡಿಗಳನ್ನು ತಂದಿಟ್ಟುಕೊಂಡಿದ್ದರು. ಒಂದನ್ನು ನನ್ನ ಕೈಬೆನ್ನಿನಿಂದ ಮುಂಗೈವರೆಗೆ ಇಟ್ಟು, ಎರಡು ರಬ್ಬರ್ ಬ್ಯಾಂಡ್ ಹಾಕುತ್ತಿದ್ದರು. ಮಣಿಕಟ್ಟು ತಿರುಗಿದರೆ ಕಡ್ಡಿ ಲಟಕ್. ಮೊದಲ ದಿನ ಹನ್ನೊಂದು ಮುರಿದವು.

"ಬುಡಿ, ಬೇಜಾರ್ ಮಾಡ್ಕಬೇಡಿ. ನಿಮ್ಮಪ್ಪನ ಕಾಲದ ತಿರುವು, ಒಂದಿನಕ್ಕೆ ಹೋಗ್‌ಬುಡ್ತದಾ?"

ನಾಲ್ಕು ತಿಂಗಳು ಬೆಳಗಿನ ಹೊತ್ತು ಒಂದೇ ಅಭ್ಯಾಸ. ಮೇಜಿನ ನಡುವೆ ಸಾಲಾಗಿರುವ ಚುಕ್ಕಿಗಳ ಮೇಲೆಯೇ ಬಿಳಿ ಚೆಂಡು ಓಡಬೇಕು, ಆಚೆ ತುದಿಯ ಕುಶನ್ ಅಂಚು ಮುಟ್ಟಿ ಅದೇ ದಾರಿಯಲ್ಲಿ ಮರಳಿ ನನ್ನ ಕ್ಯೂವಿನ ತುದಿಗೇ ಬಂದು ತಾಕಬೇಕು. ಒಂದು ಶನಿವಾರ ಬಂದು ತಾಕಿತು. ಕಡ್ಡಿ ಮುರಿಯಲಿಲ್ಲ. ಚಿಕ್ಕಯ್ಯ ರಬ್ಬರ್ ಬ್ಯಾಂಡ್ ಬಿಚ್ಚಿ, ಆ ಕಡ್ಡಿಯನ್ನು ತಮ್ಮ ಜೇಬಿಗೆ ಹಾಕಿಕೊಂಡರು.

ತಮಾಷೆಯೆಂದರೆ, ಅಂಗಡಿಯಲ್ಲೂ ಕೈ ತಿರುಗುವುದು ನಿಂತುಹೋಯಿತು. ಮೀಟರ್ ಅಂದರೆ ಮೀಟರ್. ನನಗೆ ಗೊತ್ತಿಲ್ಲದೆಯೇ ನಾನು ಪ್ರಾಮಾಣಿಕನಾಗಿದ್ದೆ. ಇಂಥದ್ದು ಯಾವ ಮಠದ ಪ್ರವಚನಕ್ಕೂ ಸಾಧ್ಯವಾಗಿರಲಿಲ್ಲ.

ಆಮೇಲೆ ಹೊಸ ಕಮಿಟಿ ಬಂತು. ಅಂಕ ತೋರಿಸಲು ಗೋಡೆಗೆ ವಿದ್ಯುತ್ ಬೋರ್ಡು, ಹೊಡೆತ ತಿದ್ದಲು ಫೋನಿನ ಕ್ಯಾಮೆರಾ. ಇನ್ನು ಮಾರ್ಕರ್ ಯಾಕೆ ಎಂಬ ಮಾತೆದ್ದಿತು. ಮಹಾಂತೇಶ್ ಕೆಟ್ಟವರಲ್ಲ. "ಚಿಕ್ಕಯ್ಯನಿಂದ ಆಟ ಕಲಿತೆ ಅಂತ ಒಬ್ಬ ಸದಸ್ಯರು ಸಭೆಯಲ್ಲಿ ಹೇಳಲಿ, ಕೋಚ್ ಅಂತ ಇಟ್ಟುಕೊಳ್ಳೋಣ," ಎಂದರು.

ಸಭೆಯ ಹಿಂದಿನ ದಿನ ಚಿಕ್ಕಯ್ಯ ನನ್ನ ಅಂಗಡಿಗೆ ಬಂದರು. ಕೂರಲಿಲ್ಲ.

"ಕೋಚು ಗೀಚು ಅನ್ನೋ ಹೆಸ್ರು ಬ್ಯಾಡ ಸಾವ್ಕಾರ್ರೇ. ಆ ಮೇಜಿನ ಹತ್ರ ನಿಂತ್ಕಳಕ್ಕೆ ಬುಟ್ರೆ ಸಾಕು. ನೀವೊಂದ್ ಮಾತು ಅಂದ್ರೆ ಆಯ್ತದೆ."

"ಅದಕ್ಯಾಕೆ ಇಷ್ಟು ದೂರ ಬಂದೆ? ಹೇಳ್ತೀನಿ ಹೋಗಯ್ಯ," ಅಂದೆ.

ಸಭೆ ಸ್ನೂಕರ್ ಕೋಣೆಯಲ್ಲೇ ನಡೆಯಿತು. ಚಿಕ್ಕಯ್ಯ ಆಚೆ ತುದಿಯಲ್ಲಿ ಬಟ್ಟೆಗೆ ಬ್ರಷ್ ಹಾಕುತ್ತಿದ್ದರು. ಮಹಾಂತೇಶ್ ನನ್ನ ಕಡೆ ತಿರುಗಿದರು.

"ಷಡಕ್ಷರಿಯವ್ರೇ, ನಿಮ್ಮ ಎಡಗಡೆ ಕಾಯಿಲೆ ವಾಸಿ ಆಯ್ತಲ್ಲ, ಎಲ್ಲರಿಗೂ ಆಶ್ಚರ್ಯ. ಯಾರು ತಿದ್ದಿದ್ದು? ಏನಿತ್ರೀ ದೋಷ?"

ಮೊದಲ ಪ್ರಶ್ನೆಗೆ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಎರಡನೆಯದು ಎಲ್ಲಿಗೆ ಹೋಗುತ್ತದೆಂದು ವ್ಯಾಪಾರಿಯ ಬುದ್ಧಿ ಕೂಡಲೇ ಕಂಡಿತು. ದೋಷ ಅಂದರೆ ಮಣಿಕಟ್ಟು, ಮಣಿಕಟ್ಟು ಅಂದರೆ ಮೀಟರ್ ಕಡ್ಡಿ. ಮಹಾಂತೇಶರ ಮನೆಯವರು ಶಾಂತಾದೇವಿ ಇಪ್ಪತ್ತು ವರ್ಷದಿಂದ ನನ್ನ ಗಿರಾಕಿ. ರವಿಕೆ ಬಟ್ಟೆ ಯಾವಾಗಲೂ ಸಾಲುವುದಿಲ್ಲ ಎಂದು ಆ ತಾಯಿ ಮೂವರು ದರ್ಜಿಗಳನ್ನು ಬಯ್ದು ಬಿಟ್ಟವರು. ಕೋಣೆಯಲ್ಲಿದ್ದ ಮಿಕ್ಕ ಹನ್ನೆರಡು ಮಂದಿಯ ಅಂಗಿಗಳನ್ನೂ ಒಮ್ಮೆ ನೋಡಿದೆ. ಆರು ನನ್ನಂಗಡಿಯವು.

ದೋಷ ಮುಚ್ಚಿಟ್ಟು ಹೆಸರು ಮಾತ್ರ ಹೇಳಬಹುದಿತ್ತು. ಇವತ್ತು ಹೊಳೆಯುವುದು ಅವತ್ತು ಹೊಳೆಯಲಿಲ್ಲ. ದೋಷವೇನೆಂದು ಅವರನ್ನೇ ಕೇಳಿದರೆ ಚಿಕ್ಕಯ್ಯ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟಾರೆಂಬ ಭಯವೊಂದೇ ಇತ್ತು.

"ಯಾರೂ ಇಲ್ಲ. ಫೋನಲ್ಲಿ ವಿಡಿಯೋ ನೋಡ್ಕೊಂಡು ನಾನೇ ಸರಿ ಮಾಡ್ಕೊಂಡೆ," ಎಂದೆ.

ಬ್ರಷ್ ನಿಂತಿತು. ಉಸಿರೆಳೆದುಕೊಳ್ಳುವಷ್ಟು ಹೊತ್ತು. ಮತ್ತೆ ಓಡಿತು, ಎಂದಿನಂತೆ ಬಟ್ಟೆಯ ಎಳೆ ಮಲಗಿದ ದಿಕ್ಕಿಗೇ, ನೆಟ್ಟಗೆ. ಅವರು ತಲೆ ಎತ್ತಲಿಲ್ಲ. ತಿಂಗಳ ಕೊನೆಗೆ ಅವರನ್ನು ಕಳಿಸಿದರು. ಹಾರ ಹಾಕಿದವರಲ್ಲಿ ನಾನೂ ಒಬ್ಬ.

ಹೋದ ವಾರ ರಾಜೀವನಗರದಲ್ಲಿ ಅವರನ್ನು ಹುಡುಕಿಕೊಂಡು ಹೋದೆ. ಒಂದು ಮರಗೆಲಸದ ಅಂಗಡಿಯಲ್ಲಿ ಮಂಚದ ಕಾಲಿಗೆ ಉಪ್ಪು ಕಾಗದ ಉಜ್ಜುತ್ತಿದ್ದರು. ಮೂರೇ ಬೆರಳು, ಸಡಿಲ ಹಿಡಿತ. ಮಣಿಕಟ್ಟು ಅಲುಗುತ್ತಿರಲಿಲ್ಲ. ನಾನೇ ಅಳೆದ ಅಂಗಿ ಬಟ್ಟೆ ಕೊಟ್ಟೆ, ಎರಡೂವರೆ ಮೀಟರ್. ಬಿಚ್ಚಿ ತಮ್ಮ ತೋಳಿನುದ್ದಕ್ಕೆ ಹಾಸಿ ನೋಡಿದರು.

"ಈ ಸಲ ಮುಟ್ತದೆ ಬುಡಿ."

"ಚಿಕ್ಕಯ್ಯನೋರೇ, ಅವತ್ತು ಸಭೇಲಿ..." ಎಂದೆ. ಬಹುವಚನ ನನ್ನ ಬಾಯಿಗೆ ಆಗ ಬಂತು.

"ನನಗ್ಯಾಕೆ ಹೇಳೀರಿ ಸಾವ್ಕಾರ್ರೇ? ನಾನು ಅಲ್ಲೇ ಇದ್ನಲ್ಲ, ನನಗೆ ಗೊತ್ತು. ಗೊತ್ತಿಲ್ದೋರು ಅವ್ರು." ಅಷ್ಟು ಹೇಳಿ ನನ್ನ ಕೈ ನೋಡಿದರು. ಸ್ಕೂಟರಿನ ಕೀಲಿಯನ್ನು ಮುಷ್ಟಿಯಲ್ಲಿ ಹಿಸುಕಿ ಹಿಡಿದಿದ್ದೆ. "ಮತ್ತೆ ಬಿಗಿ ಇಡೀತಿದ್ದೀರ."

ನಿಜ. ಚೆಂಡು ಮತ್ತೆ ಎಡಕ್ಕೆ ಹೋಗುತ್ತಿದೆ. ಫೋನು ಅದರ ದಾರಿಗೆ ಚೆಂದದ ಕೆಂಪು ಗೆರೆ ಎಳೆದು ತೋರಿಸುತ್ತದೆ. ಯಾಕೆ ಹೋಗುತ್ತದೆಂದು ಅದಕ್ಕೆ ಗೊತ್ತಿಲ್ಲ. ಅದು ನನ್ನಂಗಡಿಯಲ್ಲಿ ಅಂಗಿ ಪೀಸು ಕೊಂಡಿಲ್ಲ.

ಚಿಕ್ಕಯ್ಯನವರಿಗೆ ನಾನು ಕೊಡಬೇಕಾದದ್ದು ಎರಡೂವರೆ ಮೀಟರ್ ಬಟ್ಟೆಯಲ್ಲ. ಅದೇ ಕೋಣೆಯಲ್ಲಿ, ಮಹಾಂತೇಶರ ಎದುರು ನಿಂತು, ನನ್ನ ಮಣಿಕಟ್ಟು ತಿದ್ದಿದವರು ಚಿಕ್ಕಯ್ಯನವರು, ಅದು ತಿರುಚಿಕೊಂಡದ್ದು ಮೀಟರ್ ಕಡ್ಡಿಯಿಂದ ಎಂದು ಹೇಳಬೇಕು. ಅದನ್ನು ನಾನಿನ್ನೂ ಹೇಳಿಲ್ಲ.