ತಿಮಿಂಗಿಲ ಮತ್ತು ಗಿರ್ಮಿಟ್

ಮೊದಲೇ ಹೇಳಿಬಿಡುತ್ತೇನೆ: ಹೊಟ್ಟೆಯ ವಿಷಯದಲ್ಲಿ ನನ್ನೆದುರು ಯಾರೂ ಮಾತಾಡುವಂತಿಲ್ಲ. ವರ್ಜೀನಿಯಾದ ಫೇರ್‌ಫ್ಯಾಕ್ಸ್‌ನಲ್ಲಿ ಇಡೀ ವೃತ್ತಿಜೀವನವನ್ನು ಬೇರೆಯವರ ಜಠರ, ಕರುಳುಗಳಲ್ಲಿ ಇಣುಕುತ್ತಲೇ ಕಳೆದ ವೈದ್ಯ ನಾನು. ಕೋವಿಡ್ ಗದ್ದಲ ತಣ್ಣಗಾದ ಮೇಲೆ ನಿವೃತ್ತನಾದೆ. ಆದರೂ ಕನ್ನಡ ಕೂಟದ ಊಟಗಳಲ್ಲಿ ಎರಡನೇ ಹೋಳಿಗೆ ತಿನ್ನಬಹುದೇ ಎಂದು ಜನ ನನ್ನನ್ನೇ ಕೇಳುತ್ತಾರೆ. ತಿನ್ನಿ ಎನ್ನುತ್ತೇನೆ. ನನ್ನ ಜನಪ್ರಿಯತೆಗೆ ಅದೇ ಕಾರಣ.

ಹೆಂಡತಿ ಶಾಂತಾಗೆ ಮಾತ್ರ ಈ ಪಾಂಡಿತ್ಯದ ಮೇಲೆ ಗೌರವ ಕಡಿಮೆ. ಅವಳಿಗೆ ಬೇಕಾಗಿದ್ದದ್ದು ತಿಮಿಂಗಿಲ. ಚಳಿಗಾಲದಲ್ಲಿ ಅವು ವರ್ಜೀನಿಯಾ ಬೀಚ್‌ನ ದಡದ ಹತ್ತಿರವೇ ಬರುತ್ತವೆ ಎಂದು ಓದಿದಾಗಿನಿಂದ ಪ್ರತಿ ಜನವರಿ ಕೇಳುತ್ತಿದ್ದಳು. ಪ್ರತಿ ಜನವರಿ ಏನಾದರೊಂದು ಅಡ್ಡ ಬರುತ್ತಿತ್ತು. ಈ ಸಲ ಉಳಿದದ್ದು ಒಂದೇ ಭಾನುವಾರ. ಮರುದಿನ ಅವಳು ಮಗಳ ಬಾಣಂತನಕ್ಕೆ ಅವಳಿರುವ ಏಪೆಕ್ಸ್ ಊರಿಗೆ ಹೊರಡಬೇಕು. ತಿರುಗಿ ಬರುವಷ್ಟರಲ್ಲಿ ತಿಮಿಂಗಿಲಗಳು ಊರು ಬಿಟ್ಟಿರುತ್ತವೆ. ಗಾಳಿ ಜೋರಿದೆ, ಅಲೆ ಎತ್ತರವಿದೆ, ಬೇಕಾದರೆ ಇನ್ನೊಂದು ದಿನ ಬನ್ನಿ ಎಂದು ತಿಮಿಂಗಿಲ ತೋರಿಸಲು ಕರೆದೊಯ್ಯುವ ದೋಣಿಯವರು ಫೋನ್ ಮಾಡಿದರು. ಇವತ್ತೇ ಹೋಗೋಣ ಎಂದೆ ನಾನು.

ಹುಬ್ಬಳ್ಳಿ ಕಡೆಯ ನಾವು ಖಾಲಿ ಹೊಟ್ಟೆಯಲ್ಲಿ ಯಾವ ವಾಹನವನ್ನೂ ಹತ್ತುವುದಿಲ್ಲ. ಬಂದರಿನ ಪಾರ್ಕಿಂಗ್ ಲಾಟಿನಲ್ಲಿ, ಕಾರಿನ ಹಿಂಬಾಗಿಲು ತೆರೆದು, ಶಾಂತಾ ಚುರುಮುರಿಗೆ ಹಸಿ ಈರುಳ್ಳಿ, ಹುಣಸೆ ಗೊಜ್ಜು ಕಲಸಿ ಗಿರ್ಮಿಟ್ ಮಾಡಿದಳು. ಜೊತೆಗೆ ಮನೆಯಲ್ಲೇ ಕರಿದು ತಂದ ಮಿರ್ಚಿ ಭಜಿ. ನಮ್ಮೊಂದಿಗೆ ಸೆಂಟರ್‌ವಿಲ್‌ನಿಂದ ಬಂದಿದ್ದ ಮಧು ಎಂಬ ಹುಡುಗನಿಗೂ ಅವನ ಹೆಂಡತಿಗೂ ನಾನು ವಾಂತಿ ತಡೆಯುವ ಮಾತ್ರೆ ಕೊಟ್ಟೆ. ಸಾಲಿನಲ್ಲಿ ನಿಂತಿದ್ದ ಅಪರಿಚಿತರಿಗೂ ಸಲಹೆ ಹಂಚಿದೆ.

"ಅಂಕಲ್, ನೀವು ಟ್ಯಾಬ್ಲೆಟ್ ತಗೊಳಲ್ವಾ?" ಎಂದ ಮಧು.

"ತುಂಬಿದ ಹೊಟ್ಟಿ ಅಲುಗಾಡಂಗಿಲ್ಲಪಾ," ಎಂದು ಇನ್ನೊಂದು ಭಜಿ ತೆಗೆದುಕೊಂಡೆ. ಈ ಸಿದ್ಧಾಂತ ಯಾವ ವೈದ್ಯಕೀಯ ಪುಸ್ತಕದಲ್ಲೂ ಇಲ್ಲ. ಗಿರ್ಮಿಟ್ ಎದುರಿಗಿದ್ದಾಗ ಹೊಳೆದದ್ದು.

ದೋಣಿ ಹೊರಟಿತು. ತಿಮಿ ಎಂದರೆ ಭಾರೀ ಮೀನು, ಅದನ್ನು ನುಂಗುವುದು ತಿಮಿಂಗಿಲ, ಅದನ್ನೂ ನುಂಗುವ ತಿಮಿಂಗಿಲಗಿಲ ಎಂಬುದೊಂದಿದೆ. ನಮ್ಮ ಹಿರಿಯರು ಪ್ರಾಣಿಗೆ ಹೆಸರಿಡುವಾಗಲೂ ಯಾರು ಯಾರನ್ನು ತಿನ್ನುತ್ತಾರೆ ಎಂದೇ ನೋಡಿದರು ಎಂದು ಮಧುವಿಗೆ ವಿವರಿಸುತ್ತಿದ್ದೆ. ಅಷ್ಟರಲ್ಲಿ ದೋಣಿ ಬಂದರು ದಾಟಿತು. ಅದರ ಮೂತಿ ಆಕಾಶಕ್ಕೆದ್ದು ಧೊಪ್ಪನೆ ಕೆಳಗೆ ಬಿತ್ತು. ನುಂಗುವ ವಿಷಯ ಅಲ್ಲಿಗೇ ನಿಂತಿತು. ಮುಂದಿನದೆಲ್ಲ ಅದರ ಉಲ್ಟಾ.

ಎಡಗಡೆಯ ಕಂಬಿಗೆ ಜೋತುಬಿದ್ದಿದ್ದೆ. ಶಾಂತಾ ಹಿಂದಿನಿಂದ ನನ್ನ ಕೋಟು ಹಿಡಿದು ನಿಂತಿದ್ದಳು. ಆಗ ಬಲಗಡೆ ತಿಮಿಂಗಿಲ ಕಂಡಿದೆಯೆಂದು ಮೈಕಿನಲ್ಲಿ ಕೂಗಿದರು. ಇಡೀ ದೋಣಿಯೇ ಆ ಕಡೆ ಓಡಿತು. ಅವಳು ಕದಲಲಿಲ್ಲ. ನೀ ಹೋಗು ಎಂದು ಕೈಸನ್ನೆ ಮಾಡಿದೆ.

"ಅದಕ್ಕ ಈಜಾಕ ಬರ್ತೈತಿ. ನಿಮಗ ಬರಂಗಿಲ್ಲ," ಎಂದಳು.

ನನಗೆ ನಿಜವಾಗಿಯೂ ಬೇಜಾರಾಯಿತು. ಅವಳು ಇಷ್ಟು ವರ್ಷ ಕಾದದ್ದು ನನ್ನ ಬೆನ್ನು ನೋಡಲಿಕ್ಕೇನು? ಕಂಬಿ ಬಿಟ್ಟು ಅವಳ ಕೈ ಹಿಡಿದುಕೊಂಡೇ ತೂರಾಡುತ್ತ ಆ ಕಡೆ ಹೋದೆ. ಅಲ್ಲಿ ಬರೀ ಬೆನ್ನುಗಳು, ಎತ್ತಿದ ಫೋನುಗಳು. ವಾಂತಿಗೆಂದು ದೋಣಿಯವರು ಕೊಟ್ಟಿದ್ದ ಕಾಗದದ ಚೀಲವನ್ನು ಎತ್ತಿ ಹಿಡಿದು, ರೋಗಿಗಳಿಗೆ ಹೇಳುವಷ್ಟೇ ಸ್ಪಷ್ಟವಾದ ಇಂಗ್ಲಿಷಿನಲ್ಲಿ ಘೋಷಿಸಿದೆ: ನಾನು ಡಾಕ್ಟರ್, ನನಗೀಗ ವಾಂತಿ ಬರುತ್ತಿದೆ. ಮೊದಲನೆಯ ಮಾತಿಗೆ ಯಾರೂ ಅಲುಗಾಡಲಿಲ್ಲ. ಎರಡನೆಯದಕ್ಕೆ ರಾಜಮಾರ್ಗವೇ ತೆರೆಯಿತು. ಎಲ್ಲರಿಗಿಂತ ದೂರ ಹಾರಿದವನು ಮಧು.

ಶಾಂತಾ ಮುಂದಿನ ಕಂಬಿಗೆ ಹೋಗಿ ನಿಂತಳು. ನಾನು ಒಂದು ಕೈಯಲ್ಲಿ ಅವಳ ಕೋಟು ಹಿಡಿದು, ಚೀಲದೊಳಗೆ ಮುಖವಿಟ್ಟೆ. ಭುಸ್ಸೆಂಬ ದೊಡ್ಡ ಉಸಿರು ಕೇಳಿಸಿತು; ಕೊಳೆತ ಮೀನಿನ ನಾತ ಬಂದು, ಉಳಿದಿದ್ದ ಭಜಿಯನ್ನೂ ಹೊರಡಿಸಿತು.

"ಬಾಲ ನೋಡ್ರೀ, ನಮ್ಮ ಗ್ಯಾರೇಜ್ ಬಾಗಲದಷ್ಟು ಐತಿ," ಎಂದಳು ಶಾಂತಾ.

ಈಗ ಅವಳು ಏಪೆಕ್ಸ್‌ನಲ್ಲಿದ್ದಾಳೆ. ಎಳೆಗೂಸಿಗೆ ಕಥೆ ಹೇಳುವುದು ನನಗೂ ಫೋನಿನಲ್ಲಿ ಕೇಳಿಸುತ್ತದೆ. ಬಾಲ ಈಗಾಗಲೇ ಎರಡು ಗ್ಯಾರೇಜಿನಷ್ಟಾಗಿದೆ. ನನ್ನ ವಾಂತಿಯೂ ಅದೇ ಪ್ರಮಾಣದಲ್ಲಿ ಬೆಳೆದಿದೆ. ತಿಮಿಂಗಿಲ ನೋಡಿದಿರಾ ಡಾಕ್ಟರೇ ಎಂದು ಕೂಟದಲ್ಲಿ ಯಾರಾದರೂ ಕೇಳಿದರೆ, ನೋಡಿದೆವು ಎಂದು ಧೈರ್ಯವಾಗಿ ಹೇಳುತ್ತೇನೆ. ಒಬ್ಬರು ನೋಡುವಾಗ ಇನ್ನೊಬ್ಬರು ಕೋಟು ಹಿಡಿದುಕೊಂಡಿದ್ದರೆ ಇಬ್ಬರೂ ನೋಡಿದ ಹಾಗೆಯೇ.