ಅತ್ತೆಗೆ ಮಾಡಿಕೊಟ್ಟ ಬೆಲ್

ಹಾವೇರಿಯ ಐಟಿಐ ಒಂದರಲ್ಲಿ ನಾನು ಸೋಲ್ಡರಿಂಗ್, ಅಂದರೆ ಸೀಸ ಕರಗಿಸಿ ತಂತಿ ಬೆಸೆಯುವುದನ್ನು, ಕಲಿಸುತ್ತೇನೆ. ತಂತಿಯನ್ನು ಹೊಳೆಯುವಂತೆ ಕೆರೆಯಬೇಕು, ಮೊದಲು ತಾಮ್ರ ಕಾಯಬೇಕು, ಆಮೇಲೆ ಸೀಸ ಅದರ ಮೇಲೆ ತಾನಾಗಿ ಹರಿಯಬೇಕು, ಆರುವ ತನಕ ಅಲುಗಿಸಬಾರದು. ಗೊತ್ತಿದ್ದೂ ಇದನ್ನು ಬಿಟ್ಟದ್ದು ರಾಣೆಬೆನ್ನೂರಿನ ನಮ್ಮ ಮನೆಯಲ್ಲಿ.

ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡ ಅತ್ತೆ, ನನ್ನ ಗಂಡನ ತಾಯಿ, ಮುಂದಿನ ಕೋಣೆಯಲ್ಲಿ ಮಲಗಿದ್ದರು. ಹಗಲಲ್ಲಿ ಪಕ್ಕದ ಮನೆಯಾಕೆ ಜೊತೆಗಿರುತ್ತಿದ್ದಳು. ಸಂಜೆ ಮತ್ತು ಭಾನುವಾರ ನಾನು. ಅಡುಗೆಮನೆ ಹಿಂದಿನ ತುದಿಯಲ್ಲಿದ್ದುದರಿಂದ ಅವರ ಸಣ್ಣ ದನಿ ಕೇಳುತ್ತಿರಲಿಲ್ಲ. ಅಂಗಡಿಯ ಬೆಲ್ಲಿನ ಕಿರುಚಾಟ ಅವರಿಗೆ ಆಗದು. ಹಾಗಾಗಿ ಎರಡು ಭಾನುವಾರ ಕುಳಿತು ಮೆತ್ತಗೆ ಉಲಿಯುವ ಒಂದು ಬೆಲ್ ಸರ್ಕ್ಯೂಟ್ ನಾನೇ ಮಾಡಿದೆ. ಅಡುಗೆಮನೆಯಲ್ಲಿಟ್ಟ ಅದರ ಸದ್ದು, ಮನೆಯಲ್ಲಿ ಬೇರೆ ಗದ್ದಲವಿಲ್ಲದಾಗ ಮಾತ್ರ ಅತ್ತೆಯ ಕೋಣೆಗೆ ಕೇಳುತ್ತಿತ್ತು.

ಕೊನೆಗೆ ಉಳಿದದ್ದು ಮಂಚದ ಪಕ್ಕದ ಗುಂಡಿಗೆ ತಂತಿ ಕೂಡಿಸುವುದು. ಸೋಮವಾರ ಬೆಳಗ್ಗೆ, ಹಾವೇರಿ ಬಸ್ಸಿನ ಹೊತ್ತು. ಕೈಗೆ ಸಿಕ್ಕಿದ ಹಳೆಯ ತಂತಿಯ ತಾಮ್ರ ಕಪ್ಪಾಗಿತ್ತು. ಕೆರೆಯಲಿಲ್ಲ. ಒಂದು ತೊಟ್ಟು ಸೀಸ ಕರಗಿಸಿ ಮೇಲೆ ಬಿಟ್ಟು, ಟೇಪು ಸುತ್ತಿದೆ. ಒತ್ತಿದರೆ ಬೆಲ್ ಆಯಿತು.

"ಎಷ್ಟ್ ಚಂದ ಆಕ್ಕೈತಿ!" ಎಂದು ಅತ್ತೆ ನಾಲ್ಕು ಸಲ ಒತ್ತಿಸಿ ಕೇಳಿದರು.

ಎರಡು ವಾರದ ಮೇಲೆ ಒಂದು ಸಂಜೆ ಅವರ ಹಾಸಿಗೆ ಒದ್ದೆಯಾಗಿತ್ತು. ಚಾದರ ಎಳೆಯುತ್ತ ನಾನು ಗದರಿಯೇ ಬಿಟ್ಟೆ: "ಬೆಲ್ ಕೈಯಾಗ ಐತಲ್ಲರಿ ಅತ್ತಿ, ಒತ್ತಾಕ ಏನಾಗಿತ್ತು?"

ಅವರು ಗೋಡೆಯ ಕಡೆ ಮುಖ ತಿರುಗಿಸಿ, "ಮರತೆ" ಎಂದರು.

ಮುಂದಿನ ಭಾನುವಾರ ಬ್ಯಾಡಗಿಯಿಂದ ನಾದಿನಿ ಬಂದಳು. ತಾಯಿಯ ಹತ್ತಿರ ಮಾತಾಡಿ ನೇರವಾಗಿ ಅಡುಗೆಮನೆಗೆ ಬಂದು ಕೇಳಿದಳು: "ವೈನಿ, ಬೆಲ್ ಹೊಡದ್ರೂ ನೀವು ಬರೂದಿಲ್ಲಂತ, ಖರೇನ? ಅವ್ವ ಈಗ ಒತ್ತೂದ ಬಿಟ್ಟಾಳ."

ಓಡಿಹೋಗಿ ಗುಂಡಿ ಒತ್ತಿದೆ. ಬೆಲ್ ಆಯಿತು. ಮತ್ತೆ ಒತ್ತಿದೆ, ಆಯಿತು. ಅತ್ತೆ ನೋಡುತ್ತಿದ್ದರು. ಅವರು ಮಲಗಿದಲ್ಲೇ ಹೇಗೆ ಹಿಡಿಯುತ್ತಿದ್ದರೋ ಹಾಗೆ, ತಂತಿ ಸ್ವಲ್ಪ ಜಗ್ಗುವಂತೆ ಹಿಡಿದು ಒತ್ತಿದಾಗ ಸದ್ದೇ ಇಲ್ಲ. ಟೇಪು ಬಿಚ್ಚಿ ಉಗುರು ತಾಗಿಸಿದರೆ ಸೀಸದ ಗುಂಡು ಉದುರಿ ಬಿತ್ತು. ಅದು ತಾಮ್ರವನ್ನು ಹಿಡಿದೇ ಇರಲಿಲ್ಲ.

"ನೋಡ್ರಿ ಅತ್ತಿ, ಇದು ನಂದ ತಪ್ಪು. ನೀವು ಒತ್ತಿದ್ದು ನನಗ ಕೇಳಿಸೇ ಇಲ್ಲ" ಎಂದು ತಂತಿ ತೋರಿಸಿದೆ.

"ಇರ್ಲಿ ಬಿಡವಾ. ನಿನಗೂ ಕೆಲಸ ಭಾಳ."

ಅವರು ನಂಬಲಿಲ್ಲವೆಂದು ಆ ದನಿಯಲ್ಲೇ ತಿಳಿಯಿತು. ಅವರ ಕಣ್ಣೆದುರಿಗೇ ಬೆಲ್ ಎರಡು ಸಲ ಆಗಿತ್ತಲ್ಲ. ಇನ್ನೊಂದು ಮಾತನ್ನೂ ಇಲ್ಲಿ ಹೇಳಲೇಬೇಕು. ಬೆಲ್ ಕೂಡಿಸಿದ ಮೊದಲ ವಾರದಲ್ಲಿ ಒಂದು ಸಂಜೆ ಅದು ಸರಿಯಾಗಿಯೇ ಕೇಳಿಸಿತ್ತು. "ಬಂದೆ" ಎಂದು ಕೂಗಿ, ಉಳಿದ ರೊಟ್ಟಿ ಬಡಿದು ಮುಗಿಸಿಯೇ ನಾನು ಹೋಗಿದ್ದೆ. ಎಲ್ಲವನ್ನೂ ತಂತಿಯ ಮೇಲೆ ಹಾಕಲು ನನಗೆ ಬಾಯಿ ಬರುವುದಿಲ್ಲ.

ಅಂದೇ ತಂತಿ ಕೆರೆದು, ಕಾಯಿಸಿ, ಜಗ್ಗಿ ನೋಡಿ ಗಟ್ಟಿ ಮಾಡಿದೆ. ಆದರೆ ಅತ್ತೆ ಒತ್ತಲಿಲ್ಲ. ನಾನೇ ಮತ್ತೆ ಮತ್ತೆ ಕೋಣೆಗೆ ಹೋಗಿ ಇಣುಕುತ್ತಿದ್ದೆ.

"ಯಾಕ ಬಂದಿ? ನಾ ಕರದಿಲ್ಲಲ್ಲ" ಎನ್ನುತ್ತಿದ್ದರು. ಸಿಟ್ಟಿನಿಂದಲ್ಲ, ನನಗೆ ತೊಂದರೆಯಾಯಿತೇನೋ ಎಂಬಂತೆ.

ತಿಂಗಳೊಳಗೆ ನಾದಿನಿ ಅವರನ್ನು ಬ್ಯಾಡಗಿಗೆ ಕರೆದುಕೊಂಡು ಹೋದಳು. ಬೆಲ್ ಕಳಿಸಲೇ ಎಂದು ಕೇಳಿದೆ. "ಬ್ಯಾಡ್ರಿ ವೈನಿ, ನಾ ಅಲ್ಲೇ ಬಾಜೂಕ ಮಲಗತೇನಿ" ಎಂದಳು. ಮಳೆಗಾಲ ಮುಗಿಯುವ ಹೊತ್ತಿಗೆ ಅತ್ತೆ ಅಲ್ಲೇ ತೀರಿಕೊಂಡರು. ಅಲ್ಲಿಯ ತನಕ ನಾನು ವಾರಕ್ಕೊಮ್ಮೆ ಹೋಗಿ ಬರುತ್ತಿದ್ದೆ. ಆ ಬೆಲ್ಲಿನ ಮಾತನ್ನು ಇನ್ನೊಮ್ಮೆ ಎತ್ತುವ ಧೈರ್ಯ ಮಾತ್ರ ಬರಲೇ ಇಲ್ಲ.