ಮಾರಿ ಮಾಡುವ ಅಂದಾನೆಪ್ಪ
ಬೈಲಹೊಂಗಲದ ಕ್ಯಾನ್ಸರ್ ಆಸ್ಪತ್ರೆಯಲ್ಲಿ, ಜನ ‘ಕರೆಂಟು’ ಎನ್ನುವ ವಿಕಿರಣ ಚಿಕಿತ್ಸೆ ಕೊಡುವ ಅಂದಾನೆಪ್ಪನಿಗೆ ಜಗತ್ತೆಲ್ಲ ಮಿಲಿಮೀಟರಿನಲ್ಲೇ ಅಳತೆ. ಮದುವೆಗೆ ಹೋದರೂ ಮದುಮಗನ ಗದ್ದ ನೆಟ್ಟಗಿಲ್ಲವೆಂದು ಅವನ ಕೈ ಚಡಪಡಿಸುತ್ತದೆ. ಮೊದಲ ಸ್ಕ್ಯಾನಿನ ದಿನ ಬಿಸಿನೀರಲ್ಲಿ ಮೆತ್ತಗಾದ ಜಾಳಿಗೆಯಂಥ ಹಾಳೆಯನ್ನು ರೋಗಿಯ ಮುಖಕ್ಕೆ ಒತ್ತಿ ಅಚ್ಚು ತೆಗೆಯುತ್ತಾನೆ. ಈ ಕಡೆ ಮುಖಕ್ಕೆ ಮಾರಿ ಎನ್ನುವಂತೆ ಆ ಅಚ್ಚಿಗೂ ಅವನು ‘ಮಾರಿ’ ಎಂದೇ ಹೇಳುವುದು. ದಿನವೂ ಅದನ್ನು ತೊಡಿಸಿ, ಕೆನ್ನೆಯ ಪಕ್ಕ ಬೆರಳು ತೂರಿಸಿ, “ಮಾರಿ ಸಡ್ಲ ಆಗೇತಿ, ಉಂಡಿಲ್ಲ ನೀವು,” ಎಂದು ಗದರುತ್ತಾನೆ. ಮುಖ ಸೊರಗಿ ಅಚ್ಚಿನೊಳಗೆ ಅಲುಗಾಡಿದರೆ ಕಿರಣ ಗುರಿ ತಪ್ಪುತ್ತದೆಂಬ ಭಯ ಅವನದು. ಕಿರಣ ಬಿಡುವ ಮುನ್ನ ತೆಗೆಯುವ ಚಿತ್ರದಲ್ಲಿ ಒಮ್ಮೆ ಮುನವಳ್ಳಿಯ ಸಾವಂತ್ರೆವ್ವನ ಕೆನ್ನೆಯೊಳಗೆ ಏನೋ ಗಂಟು ಕಂಡಿತು. ಓಡಿಹೋಗಿ ಮಾರಿ ಬಿಚ್ಚಿದ. ಮುದುಕಿ ಬಾಯಿಂದ ಸೀರೆಯ ಚಿಂದಿಯ ಉಂಡೆಯೊಂದನ್ನು ತೆಗೆದು, “ನುಂಗಾಕ ಆಗವಲ್ದಪಾ. ಮಾರಿ ಸಡ್ಲ ಅಂತ ನೀ ಬೈತೀ ಅಂತ ಬಾಯಾಗ ತುರಕ್ಕೊಂಡ ಬಂದ್ನಿ,” ಎಂದಳು. ಅವನು ಡಾಕ್ಟರಿಂದ ಹೊಸ ಸ್ಕ್ಯಾನಿಗೆ ಬರೆಸಿದ. ಈಗಲೂ ಎಲ್ಲರ ಕೆನ್ನೆಗೂ ಬೆರಳು ತೂರಿಸಿ ನೋಡುತ್ತಾನೆ. ಸಡಿಲಾಗಿದ್ದರೆ ಮೆಲ್ಲಗೆ, “ಇರ್ಲಿ ಬಿಡ್ರಿ, ಹೊಸಾ ಮಾರಿ ಮಾಡೂಣು,” ಎನ್ನುತ್ತಾನೆ.